ಡ್ಯುಯಲ್ ಕ್ಲಚ್‌ನಿಂದ ಟಾರ್ಕ್ ಕನ್ವರ್ಟರ್‌ಗೆ: ಅಧಿಕ ಸಾಮರ್ಥ್ಯದ ಕಾರುಗಳ ಗೇರ್‌ಬಾಕ್ಸ್ ಸ್ಥಿತ್ಯಂತರ

ಅಧಿಕ ಸಾಮರ್ಥ್ಯದ ಕಾರುಗಳ ಕೆಲವು ತಯಾರಕರು 2010ರ ದಶಕದ ಉತ್ತರಾರ್ಧದಿಂದ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸನ್ನು ಕೈಬಿಟ್ಟು, ಟಾರ್ಕ್ ಕನ್ವರ್ಟರ್ ಉಳ್ಳ ಸಾಂಪ್ರದಾಯಿಕ ಸ್ವಯಂಚಾಲಿತ ಗೇರ್‌ಬಾಕ್ಸನ್ನು ಅಳವಡಿಸಿಕೊಂಡಿದ್ದಾರೆ. ಬಿಎಂಡಬ್ಲ್ಯು ಸಂಸ್ಥೆಯ ಎಂ ಶ್ರೇಣಿ ಹಾಗೂ ಆಡಿ ಸಂಸ್ಥೆಯ ಆರ್‌ಎಸ್ ಶ್ರೇಣಿಯ ಕೆಲವು ಕಾರುಗಳು ಈ ಬದಲಾವಣೆಯ ಮುಖ್ಯ ಉದಾಹರಣೆಗಳು. ಒಂದು ಕಾಲದಲ್ಲಿ ಸ್ವಯಂಚಾಲಿತ ಗೇರ್‌ಬಾಕ್ಸ್ ಎಂದರೆ ನಿಧಾನ, ಭಾರ ಮತ್ತು ಇಂಧನದ ಅಪವ್ಯಯ ಎಂಬ ಭಾವನೆ ಬಲವಾಗಿತ್ತು. ಓಟದ ಪಥದಿಂದ ಬಂದ ಡ್ಯುಯಲ್ ಕ್ಲಚ್ ತಂತ್ರಜ್ಞಾನವೇ ಭವಿಷ್ಯ ಎಂದು ನಂಬಲಾಗಿತ್ತು. ಆದ್ದರಿಂದ ಈ ಬದಲಾವಣೆಯನ್ನು ಹಲವರು ಹಿಂದಡಿಯೆಂದು ಭಾವಿಸಿದ್ದುಂಟು. ವಾಸ್ತವದಲ್ಲಿ ಎರಡು ತಂತ್ರಜ್ಞಾನಗಳ ನಡುವಿನ ವೇಗದ ಅಂತರ ಕಿರಿದಾಯಿತು. ಹಾಗೆ ಕಿರಿದಾದ ಮೇಲೆ ಟಾರ್ಕ್, ನಯವಾದ ಚಾಲನೆ, ವಿದ್ಯುತ್ ಮೋಟಾರಿನ ಜೋಡಣೆ ಮತ್ತು ತಯಾರಿಕಾ ವೆಚ್ಚ ಎಂಬ ಬೇರೆ ಲೆಕ್ಕಾಚಾರಗಳು ಮೇಲುಗೈ ಪಡೆದವು.

ಎರಡು ಗೇರ್‌ಬಾಕ್ಸ್‌ಗಳ ಕಾರ್ಯವಿಧಾನ

ಎಂಜಿನ್ನಿನ ಶಕ್ತಿಯನ್ನು ಚಕ್ರಗಳಿಗೆ ತಲುಪಿಸುವಾಗ ವೇಗಕ್ಕೆ ತಕ್ಕ ಅನುಪಾತವನ್ನು ಒದಗಿಸುವುದು ಗೇರ್‌ಬಾಕ್ಸಿನ ಕೆಲಸ. ಸಾಮಾನ್ಯ ಮ್ಯಾನುಯಲ್ ಗೇರ್‌ಬಾಕ್ಸಿನಲ್ಲಿ ಚಾಲಕನು ಕ್ಲಚ್ ತುಳಿದು ಎಂಜಿನ್ ಮತ್ತು ಗೇರುಗಳ ಸಂಪರ್ಕ ಕಡಿದು, ಗೇರ್ ಬದಲಿಸಿ, ಮತ್ತೆ ಸಂಪರ್ಕ ಕೂಡಿಸುತ್ತಾನೆ. ಈ ನಡುವಿನ ಕ್ಷಣದಲ್ಲಿ ಚಕ್ರಗಳಿಗೆ ಶಕ್ತಿ ಹರಿಯುವುದಿಲ್ಲ.

ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ ಈ ಬಿಡುವನ್ನು ಇಲ್ಲವಾಗಿಸುತ್ತದೆ. ಒಂದೇ ಕವಚದೊಳಗೆ ಎರಡು ಮ್ಯಾನುಯಲ್ ಗೇರ್‌ಬಾಕ್ಸ್‌ಗಳನ್ನು ಇರಿಸಿದಂತೆ ಇದರ ರಚನೆ. 1, 3, 5, 7 ಎಂಬ ಬೆಸ ಸಂಖ್ಯೆಯ ಗೇರುಗಳು ಒಂದು ಕ್ಲಚ್ಚಿಗೂ, 2, 4, 6 ಎಂಬ ಸಮ ಸಂಖ್ಯೆಯ ಗೇರುಗಳು ಇನ್ನೊಂದು ಕ್ಲಚ್ಚಿಗೂ ಸೇರಿರುತ್ತವೆ. ಕಾರು ಮೂರನೆಯ ಗೇರಿನಲ್ಲಿ ಓಡುತ್ತಿರುವಾಗಲೇ ಗಣಕ ನಿಯಂತ್ರಕವು ನಾಲ್ಕನೆಯ ಗೇರನ್ನು ಸಿದ್ಧವಾಗಿ ಇರಿಸಿರುತ್ತದೆ. ಬದಲಾವಣೆಯ ಹೊತ್ತಿಗೆ ಒಂದು ಕ್ಲಚ್ ಬಿಡುತ್ತಿದ್ದಂತೆ ಇನ್ನೊಂದು ಹಿಡಿಯುತ್ತದೆ. ರಿಲೇ ಓಟದಲ್ಲಿ ಮುಂದಿನ ಓಟಗಾರನು ಮೊದಲೇ ಓಡತೊಡಗಿ ಬೇಟನ್ ಪಡೆಯುವುದನ್ನು ಇದಕ್ಕೆ ಹೋಲಿಸಬಹುದು.

ಸಾಂಪ್ರದಾಯಿಕ ಸ್ವಯಂಚಾಲಿತ ಗೇರ್‌ಬಾಕ್ಸಿನಲ್ಲಿ ಎಂಜಿನ್ ಮತ್ತು ಗೇರುಗಳ ನಡುವೆ ಟಾರ್ಕ್ ಕನ್ವರ್ಟರ್ ಎಂಬ ದ್ರವಚಾಲಿತ ಸಾಧನವಿರುತ್ತದೆ. ಎರಡು ಬೀಸಣಿಗೆಗಳನ್ನು ಎದುರುಬದುರು ಇರಿಸಿ ಒಂದನ್ನು ತಿರುಗಿಸಿದರೆ ಆ ಗಾಳಿಗೆ ಇನ್ನೊಂದೂ ತಿರುಗುವಂತೆ, ಇದರಲ್ಲಿ ಎಣ್ಣೆಯ ಹರಿವಿನ ಮೂಲಕ ಶಕ್ತಿ ವರ್ಗಾವಣೆಯಾಗುತ್ತದೆ. ಎರಡು ರೆಕ್ಕೆಚಕ್ರಗಳ ನಡುವೆ ಇರುವ ಮೂರನೆಯ ರೆಕ್ಕೆಚಕ್ರವು ಎಣ್ಣೆಯ ದಿಕ್ಕನ್ನು ತಿರುಗಿಸಿ, ಕಾರು ಹೊರಡುವ ಹೊತ್ತಿನಲ್ಲಿ ಎಂಜಿನ್ನಿನ ಟಾರ್ಕನ್ನು, ಅಂದರೆ ತಿರುಗಿಸುವ ಬಲವನ್ನು, ಹೆಚ್ಚಿಸುತ್ತದೆ. ಇದರ ಹಿಂದೆ ಗ್ರಹಚಕ್ರ ಗೇರುಗಳ ಸಾಲು ಇರುತ್ತದೆ. ಸೂರ್ಯನ ಸುತ್ತ ಗ್ರಹಗಳು ಸುತ್ತುವಂತೆ ನಡುವಿನ ಗೇರಿನ ಸುತ್ತ ಚಿಕ್ಕ ಗೇರುಗಳು ಸುತ್ತುವುದರಿಂದ ಈ ಹೆಸರು ಬಂದಿದೆ. ಒಳಗಿನ ಕ್ಲಚ್ ಮತ್ತು ಬ್ರೇಕುಗಳಲ್ಲಿ ಯಾವುದನ್ನು ಬಿಗಿಯುತ್ತಾರೆ, ಯಾವುದನ್ನು ಸಡಿಲಿಸುತ್ತಾರೆ ಎಂಬುದರ ಮೇಲೆ ಅನುಪಾತ ಬದಲಾಗುತ್ತದೆ.

ಐತಿಹಾಸಿಕ ಹಿನ್ನೆಲೆ

ಎರಡು ತಂತ್ರಜ್ಞಾನಗಳೂ ಹಳೆಯವೇ. ಜರ್ಮನಿಯ ಎಂಜಿನಿಯರ್ ಹರ್ಮನ್ ಫೊಟಿಂಗರ್ ದ್ರವಚಾಲಿತ ಶಕ್ತಿ ವರ್ಗಾವಣೆಗೆ 1905ರಲ್ಲಿ ಪೇಟೆಂಟ್ ಪಡೆದನು. ಅವನ ಉದ್ದೇಶ ಹಡಗುಗಳ ಚಾಲನೆಯಾಗಿತ್ತು. ಅಮೆರಿಕದ ಜನರಲ್ ಮೋಟರ್ಸ್ ಸಂಸ್ಥೆಯು ಓಲ್ಡ್ಸ್‌ಮೊಬೈಲ್ ಕಾರುಗಳ 1940ರ ಮಾದರಿಗಾಗಿ ಹೈಡ್ರಾಮ್ಯಾಟಿಕ್ ಎಂಬ ಸ್ವಯಂಚಾಲಿತ ಗೇರ್‌ಬಾಕ್ಸನ್ನು ಹೊರತಂದಿತು. 1948ರಲ್ಲಿ ಬ್ಯೂಕ್ ಕಾರಿನಲ್ಲಿ ಬಂದ ಡೈನಾಫ್ಲೋ ಗೇರ್‌ಬಾಕ್ಸಿನಲ್ಲಿ ಟಾರ್ಕ್ ಕನ್ವರ್ಟರ್ ಬಳಕೆಯಾಯಿತು. ಡ್ಯುಯಲ್ ಕ್ಲಚ್ಚಿನ ಕಲ್ಪನೆಯನ್ನು ಫ್ರಾನ್ಸಿನ ಅಡಾಲ್ಫ್ ಕೆಗ್ರೆಸ್ 1939ರ ಸುಮಾರಿಗೆ ಮುಂದಿಟ್ಟನಾದರೂ ಅದು ಉತ್ಪಾದನೆಯ ಹಂತ ತಲುಪಲಿಲ್ಲ. ಎರಡು ಕ್ಲಚ್ಚುಗಳನ್ನು ನಿಖರವಾಗಿ ನಿಯಂತ್ರಿಸಬಲ್ಲ ವಿದ್ಯುನ್ಮಾನ ಉಪಕರಣಗಳು ಆಗ ಇರಲಿಲ್ಲ.

1980ರ ದಶಕದಲ್ಲಿ ಪೋರ್ಷೆ ಸಂಸ್ಥೆಯು ತನ್ನ 956 ಮತ್ತು 962 ಓಟದ ಕಾರುಗಳಲ್ಲಿ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸನ್ನು ಪ್ರಯೋಗಿಸಿತು. ಜನಸಾಮಾನ್ಯರ ಕೈಗೆ ಅದು ಬಂದುದು 2003ರಲ್ಲಿ, ಫೋಕ್ಸ್‌ವ್ಯಾಗನ್ ಗಾಲ್ಫ್ ಆರ್32 ಕಾರಿನ ಮೂಲಕ. ಅನಂತರದ ಕೆಲವೇ ವರ್ಷಗಳಲ್ಲಿ ಅದು ವೇಗದ ಕಾರುಗಳ ಗುರುತೇ ಆಯಿತು. 2007ರಲ್ಲಿ ನಿಸಾನ್ ಜಿಟಿ-ಆರ್, 2008ರಲ್ಲಿ ಬಿಎಂಡಬ್ಲ್ಯು ಎಂ3, ಪೋರ್ಷೆ 911 ಮತ್ತು ಫೆರಾರಿ ಕ್ಯಾಲಿಫೋರ್ನಿಯಾ ಕಾರುಗಳಲ್ಲಿ ಇದು ಬಂದಿತು. 2009ರ ಫೆರಾರಿ 458 ಇಟಾಲಿಯಾ ಕಾರಿಗೆ ಮ್ಯಾನುಯಲ್ ಗೇರ್‌ಬಾಕ್ಸಿನ ಆಯ್ಕೆಯೇ ಇರಲಿಲ್ಲ.

ಅದೇ 2009ರಲ್ಲಿ ಜರ್ಮನಿಯ ಝಡ್‌ಎಫ್ ಸಂಸ್ಥೆಯು 8ಎಚ್‌ಪಿ ಎಂಬ ಎಂಟು ವೇಗದ ಸ್ವಯಂಚಾಲಿತ ಗೇರ್‌ಬಾಕ್ಸನ್ನು ಬಿಎಂಡಬ್ಲ್ಯು 760ಎಲ್‌ಐ ಕಾರಿನ ಮೂಲಕ ಮಾರುಕಟ್ಟೆಗೆ ತಂದಿತು. ಆರಾಮದಾಯಕ ಐಷಾರಾಮಿ ಕಾರಿನಲ್ಲಿ ಕಾಣಿಸಿಕೊಂಡ ಈ ಯಂತ್ರವು ಮುಂದೆ ವೇಗದ ಕಾರುಗಳ ದಿಕ್ಕನ್ನೇ ಬದಲಿಸೀತೆಂದು ಆಗ ಹೆಚ್ಚಿನವರು ಊಹಿಸಿರಲಿಲ್ಲ.

ಪ್ರಾತಿನಿಧಿಕ ಉದಾಹರಣೆ: ಬಿಎಂಡಬ್ಲ್ಯು ಎಂ5

ಒಂದೇ ಹೆಸರಿನ ಕಾರು ಸುಮಾರು ಎರಡು ದಶಕಗಳಲ್ಲಿ ಮೂರು ಬಗೆಯ ಗೇರ್‌ಬಾಕ್ಸ್‌ಗಳನ್ನು ಕಂಡಿರುವುದರಿಂದ ಬಿಎಂಡಬ್ಲ್ಯು ಎಂ5 ಈ ಸ್ಥಿತ್ಯಂತರವನ್ನು ಅರಿಯಲು ಉತ್ತಮ ನಿದರ್ಶನವಾಗಿದೆ.

2005ರಲ್ಲಿ ಮಾರಾಟಕ್ಕೆ ಬಂದ ಇ60 ತಲೆಮಾರು: 5 ಲೀಟರಿನ ವಿ10 ಎಂಜಿನ್, 507 ಅಶ್ವಶಕ್ತಿ, 520 ನ್ಯೂಟನ್ ಮೀಟರ್ ಟಾರ್ಕ್. ಒಂದೇ ಕ್ಲಚ್ಚಿನ, ಗಣಕ ನಿಯಂತ್ರಿತ ಏಳು ವೇಗದ ಎಸ್‌ಎಂಜಿ ಗೇರ್‌ಬಾಕ್ಸ್. ಗಂಟೆಗೆ 100 ಕಿ.ಮೀ. ವೇಗ ತಲುಪಲು 4.7 ಸೆಕೆಂಡು.

2011ರ ಎಫ್10 ತಲೆಮಾರು: 4.4 ಲೀಟರಿನ ಅವಳಿ ಟರ್ಬೊ ವಿ8, 560 ಅಶ್ವಶಕ್ತಿ, 680 ನ್ಯೂಟನ್ ಮೀಟರ್. ಏಳು ವೇಗದ ಡ್ಯುಯಲ್ ಕ್ಲಚ್. 4.4 ಸೆಕೆಂಡು.

2017ರಲ್ಲಿ ಅನಾವರಣಗೊಂಡ ಎಫ್90 ತಲೆಮಾರು: 4.4 ಲೀಟರಿನ ಅವಳಿ ಟರ್ಬೊ ವಿ8, 600 ಅಶ್ವಶಕ್ತಿ, 750 ನ್ಯೂಟನ್ ಮೀಟರ್. ಟಾರ್ಕ್ ಕನ್ವರ್ಟರ್ ಉಳ್ಳ ಎಂಟು ವೇಗದ ಸ್ವಯಂಚಾಲಿತ ಗೇರ್‌ಬಾಕ್ಸ್. 3.4 ಸೆಕೆಂಡು.

2024ರ ಜಿ90 ತಲೆಮಾರು: ವಿ8 ಎಂಜಿನ್ನಿನ ಜೊತೆಗೆ ವಿದ್ಯುತ್ ಮೋಟಾರು, ಒಟ್ಟು 727 ಅಶ್ವಶಕ್ತಿ, 1,000 ನ್ಯೂಟನ್ ಮೀಟರ್. ಮೋಟಾರನ್ನು ತನ್ನೊಳಗೇ ಇರಿಸಿಕೊಂಡ ಎಂಟು ವೇಗದ ಸ್ವಯಂಚಾಲಿತ ಗೇರ್‌ಬಾಕ್ಸ್. 3.5 ಸೆಕೆಂಡು.

ಎಫ್10 ಮತ್ತು ಎಫ್90 ತಲೆಮಾರುಗಳ ನಡುವೆ ಒಂದು ಸೆಕೆಂಡಿನಷ್ಟು ವ್ಯತ್ಯಾಸ ಕಾಣುತ್ತದೆ. ಇದನ್ನು ಪೂರ್ತಿಯಾಗಿ ಗೇರ್‌ಬಾಕ್ಸಿನ ಖಾತೆಗೆ ಬರೆಯುವುದು ಸರಿಯಲ್ಲ. ಎಫ್90 ಕಾರಿಗೆ ನಾಲ್ಕೂ ಚಕ್ರಗಳ ಚಾಲನೆ ಒದಗಿತು, ಹಿಂದಿನ ಕಾರಿನಲ್ಲಿ ಹಿಂಚಕ್ರಗಳಷ್ಟೇ ನೆಲವನ್ನು ಹಿಡಿಯಬೇಕಿತ್ತು. ಈ ಅಂಕಿಗಳು ಸಾಬೀತುಪಡಿಸುವ ಸಂಗತಿ ಬೇರೆ: ಸಾಂಪ್ರದಾಯಿಕ ಸ್ವಯಂಚಾಲಿತ ಗೇರ್‌ಬಾಕ್ಸ್ ಬಳಸಿಯೂ ಅತ್ಯಂತ ವೇಗದ ಕಾರನ್ನು ಕಟ್ಟಬಹುದು, ಗೇರ್‌ಬಾಕ್ಸ್ ಅಲ್ಲಿ ಅಡ್ಡಿಯಾಗುವುದಿಲ್ಲ. ಮುಂದೆ ಎಂ3, ಎಂ4 ಮತ್ತು 2022ರ ಎಂ2 ಕಾರುಗಳೂ ಇದೇ ಹಾದಿ ಹಿಡಿದವು.

ಆಡಿ ಆರ್‌ಎಸ್5 ಇನ್ನೊಂದು ಸ್ಪಷ್ಟ ಉದಾಹರಣೆ. ಅದರ ಮೊದಲ ತಲೆಮಾರಿನಲ್ಲಿ 4.2 ಲೀಟರಿನ, ಟರ್ಬೊ ಇಲ್ಲದ ವಿ8 ಎಂಜಿನ್ ಮತ್ತು ಏಳು ವೇಗದ ಡ್ಯುಯಲ್ ಕ್ಲಚ್ ಇದ್ದವು. 2017ರಲ್ಲಿ ಬಂದ ಎರಡನೆಯ ತಲೆಮಾರಿನಲ್ಲಿ 2.9 ಲೀಟರಿನ ಅವಳಿ ಟರ್ಬೊ ವಿ6 ಎಂಜಿನ್ ಮತ್ತು ಎಂಟು ವೇಗದ ಸ್ವಯಂಚಾಲಿತ ಗೇರ್‌ಬಾಕ್ಸ್ ಬಂದವು. ಎರಡೂ ಎಂಜಿನ್ನುಗಳ ಶಕ್ತಿ 450 ಅಶ್ವಶಕ್ತಿಯೇ. ಆದರೆ ಟಾರ್ಕ್ 430ರಿಂದ 600 ನ್ಯೂಟನ್ ಮೀಟರಿಗೆ ಏರಿತು. ಇಲ್ಲಿಯೇ ಬದಲಾವಣೆಯ ಒಂದು ಮುಖ್ಯ ಕಾರಣದ ಸುಳಿವು ಸಿಗುತ್ತದೆ.

ಕಾರಣಗಳು

ವೇಗದ ಅಂತರ ಕಿರಿದಾದುದು

ಹಳೆಯ ಸ್ವಯಂಚಾಲಿತ ಗೇರ್‌ಬಾಕ್ಸ್‌ಗಳ ದೊಡ್ಡ ದೋಷ ಟಾರ್ಕ್ ಕನ್ವರ್ಟರಿನ ಜಾರಿಕೆಯಾಗಿತ್ತು. ಎಣ್ಣೆಯ ಮೂಲಕ ಶಕ್ತಿ ಹರಿಯುವಾಗ ಅದರ ಒಂದು ಭಾಗ ಶಾಖವಾಗಿ ವ್ಯರ್ಥವಾಗುತ್ತಿತ್ತು. ವೇಗವರ್ಧಕವನ್ನು ತುಳಿದರೂ ಕಾರು ಒಂದು ಕ್ಷಣ ತಡೆದು ಪ್ರತಿಕ್ರಿಯಿಸಿದಂತೆ ಚಾಲಕನಿಗೆ ಅನಿಸುತ್ತಿತ್ತು. ಆಧುನಿಕ ಗೇರ್‌ಬಾಕ್ಸ್‌ಗಳಲ್ಲಿ ಕಾರು ಹೊರಟ ಸ್ವಲ್ಪ ಹೊತ್ತಿನಲ್ಲೇ ಟಾರ್ಕ್ ಕನ್ವರ್ಟರಿನೊಳಗಿನ ಬಂಧಕ ಕ್ಲಚ್ ಮುಚ್ಚಿಕೊಂಡು ಎಂಜಿನ್ ಮತ್ತು ಗೇರುಗಳನ್ನು ನೇರವಾಗಿ ಬೆಸೆಯುತ್ತದೆ. ಆಮೇಲೆ ದ್ರವದ ಪಾತ್ರ ಬಹುಮಟ್ಟಿಗೆ ಮುಗಿದಂತೆಯೇ.

8ಎಚ್‌ಪಿ ಗೇರ್‌ಬಾಕ್ಸಿನಲ್ಲಿ ನಾಲ್ಕು ಗ್ರಹಚಕ್ರ ಜೋಡಣೆಗಳೂ ಐದು ಕ್ಲಚ್ ಮತ್ತು ಬ್ರೇಕುಗಳೂ ಇವೆ. ಯಾವುದೇ ಗೇರಿನಲ್ಲಿ ಐದರಲ್ಲಿ ಎರಡು ಮಾತ್ರ ತೆರೆದಿರುತ್ತವೆ. ತೆರೆದ ಕ್ಲಚ್ಚುಗಳು ಎಣ್ಣೆಯಲ್ಲಿ ಎಳೆದಾಡಿ ಶಕ್ತಿ ಕಳೆಯುವುದು ಇದರಿಂದ ಕಡಿಮೆಯಾಗುತ್ತದೆ. ಪಕ್ಕದ ಗೇರಿಗೆ ಹೋಗಲು ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದರೆ ಸಾಕು. ಹೀಗಾಗಿ ಬದಲಾವಣೆಗೆ ತಗಲುವ ಕಾಲವು ಸೆಕೆಂಡಿನ ಹತ್ತನೇ ಎರಡು ಭಾಗದ ಆಸುಪಾಸಿಗೆ ಇಳಿಯಿತು. ಉತ್ತಮ ಡ್ಯುಯಲ್ ಕ್ಲಚ್ ಇದಕ್ಕಿಂತ ಬೇಗ ಬದಲಿಸಬಲ್ಲುದು ನಿಜ. ಆದರೆ ಉಳಿದ ಅಂತರವು ಮನುಷ್ಯನ ಗ್ರಹಿಕೆಯ ಅಂಚಿನಲ್ಲಿದೆ.

ಒಂದು ವಿಷಯದಲ್ಲಂತೂ ಗ್ರಹಚಕ್ರ ರಚನೆಗೇ ಅನುಕೂಲ ಹೆಚ್ಚು. ಡ್ಯುಯಲ್ ಕ್ಲಚ್ಚಿನ ಚುರುಕು ಮುಂದಿನ ಗೇರನ್ನು ಸರಿಯಾಗಿ ಊಹಿಸುವುದನ್ನು ಅವಲಂಬಿಸಿದೆ. ಏಳನೆಯ ಗೇರಿನಲ್ಲಿ ಹೆದ್ದಾರಿಯಲ್ಲಿ ಸಾಗುತ್ತಿರುವ ಚಾಲಕನು ಹಠಾತ್ತನೆ ವೇಗವರ್ಧಕವನ್ನು ಪೂರ್ಣ ಒತ್ತಿದಾಗ ಮೂರನೆಯ ಗೇರು ಬೇಕಾಗುತ್ತದೆ ಎಂದುಕೊಳ್ಳೋಣ. ಏಳು ಮತ್ತು ಮೂರು ಎರಡೂ ಬೆಸ ಸಂಖ್ಯೆಗಳಾದುದರಿಂದ ಒಂದೇ ಕ್ಲಚ್ಚಿಗೆ ಸೇರಿವೆ. ನೇರ ಹಸ್ತಾಂತರ ಅಲ್ಲಿ ಸಾಧ್ಯವಿಲ್ಲ. 8ಎಚ್‌ಪಿ ಮಾದರಿಯ ಗೇರ್‌ಬಾಕ್ಸ್ ಎಂಟನೆಯ ಗೇರಿನಿಂದ ಎರಡನೆಯದಕ್ಕೂ ನೇರವಾಗಿ ಇಳಿಯಬಲ್ಲುದು.

ಟಾರ್ಕಿನ ಹೆಚ್ಚಳ

ಮಾಲಿನ್ಯ ಮತ್ತು ಇಂಧನ ನಿಯಮಗಳು ಬಿಗಿಯಾದಂತೆ ತಯಾರಕರು ದೊಡ್ಡ ಎಂಜಿನ್ನುಗಳ ಬದಲು ಟರ್ಬೊ ಅಳವಡಿಸಿದ ಚಿಕ್ಕ ಎಂಜಿನ್ನುಗಳತ್ತ ಹೊರಳಿದರು. ಹಳೆಯ ಎಂಜಿನ್ನುಗಳು ಅತಿ ವೇಗವಾಗಿ ತಿರುಗಿ ಶಕ್ತಿ ನೀಡುತ್ತಿದ್ದರೆ, ಟರ್ಬೊ ಎಂಜಿನ್ನುಗಳು ಕಡಿಮೆ ಸುತ್ತಿನಲ್ಲೇ ಅಧಿಕ ಟಾರ್ಕ್ ನೀಡುತ್ತವೆ. 2008ರ ಸುಮಾರಿನ ವಿ8 ಎಂ3 ಕಾರಿನ ಟಾರ್ಕ್ 400 ನ್ಯೂಟನ್ ಮೀಟರ್ ಆಗಿತ್ತು. ಈಚಿನ ಎಂ3 ಕಾಂಪಿಟಿಷನ್ ಕಾರಿನದು 650. ಟಾರ್ಕ್ ಹೆಚ್ಚಿದಷ್ಟೂ ಕ್ಲಚ್ಚಿನ ಫಲಕಗಳು ಜಾರದಂತೆ ಹೆಚ್ಚು ಬಲದಿಂದ ಒತ್ತಿ ಹಿಡಿಯಬೇಕು, ಜಾರಿದಾಗ ಹುಟ್ಟುವ ಶಾಖವನ್ನು ಹೊರಹಾಕಬೇಕು.

ಇಲ್ಲೊಂದು ಪ್ರಚಲಿತ ತಪ್ಪು ಗ್ರಹಿಕೆಯನ್ನು ಗುರುತಿಸಬೇಕು. ಡ್ಯುಯಲ್ ಕ್ಲಚ್ ಹೆಚ್ಚಿನ ಟಾರ್ಕನ್ನು ತಾಳಲಾರದು ಎಂಬ ಮಾತು ತತ್ತ್ವತಃ ನಿಜವಲ್ಲ. 2005ರ ಬುಗಾಟಿ ವೇರಾನ್ 1,250 ನ್ಯೂಟನ್ ಮೀಟರ್ ಹಾಗೂ ಅನಂತರದ ಬುಗಾಟಿ ಶಿರಾನ್ 1,600 ನ್ಯೂಟನ್ ಮೀಟರ್ ಟಾರ್ಕನ್ನು ಡ್ಯುಯಲ್ ಕ್ಲಚ್ ಮೂಲಕವೇ ಚಕ್ರಗಳಿಗೆ ಒದಗಿಸಿದವು. ಆದರೆ ಅವು ಬೆರಳೆಣಿಕೆಯ ಶ್ರೀಮಂತರಿಗಾಗಿ ತಯಾರಾದ, ಬೆಲೆಯ ಮಿತಿಯಿಲ್ಲದ ಕಾರುಗಳು. ಸಾವಿರಾರು ಸಂಖ್ಯೆಯಲ್ಲಿ ಮಾರಾಟವಾಗಬೇಕಾದ ಸೆಡಾನ್ ಕಾರಿಗೆ ಅಷ್ಟು ಗಟ್ಟಿಯಾದ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸನ್ನು ಕಟ್ಟಿದರೆ ಗಾತ್ರ, ತೂಕ, ವೆಚ್ಚಗಳೆಲ್ಲ ಏರುತ್ತವೆ. ಹೀಗೆ ಮಿತಿ ಒಡ್ಡುವುದು ಯಂತ್ರಶಾಸ್ತ್ರಕ್ಕಿಂತ ಹೆಚ್ಚಾಗಿ ಅರ್ಥಶಾಸ್ತ್ರ.

ನಿಧಾನಗತಿಯ ನಯ

ಅತಿ ವೇಗದ ಕಾರು ಕೂಡ ತನ್ನ ಆಯುಷ್ಯದ ಬಹುಪಾಲನ್ನು ಸಾಮಾನ್ಯ ರಸ್ತೆಯಲ್ಲೇ ಕಳೆಯುತ್ತದೆ. ವಾಹನ ದಟ್ಟಣೆಯಲ್ಲಿ ಇಂಚಿಂಚಾಗಿ ಸಾಗುವಾಗ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ ಮ್ಯಾನುಯಲ್ ಕಾರಿನ ಚಾಲಕನಂತೆ ಅರೆಕ್ಲಚ್ಚಿನಲ್ಲಿ ಹಿಡಿದು ಬಿಟ್ಟು ಮಾಡಬೇಕಾಗುತ್ತದೆ. ಆಗ ಸಣ್ಣ ಎಳೆತ, ಜಗ್ಗಾಟಗಳು ಉಂಟಾಗುವುದುಂಟು. ಏರಿನಲ್ಲಿ ಅಥವಾ ಕಾರನ್ನು ಹಿಂದಕ್ಕೆ ತೆಗೆದು ನಿಲ್ಲಿಸುವಾಗ ಇದು ಹೆಚ್ಚು ಗೊತ್ತಾಗುತ್ತದೆ. ಟಾರ್ಕ್ ಕನ್ವರ್ಟರಿನಲ್ಲಿ ಈ ಕೆಲಸವನ್ನು ಎಣ್ಣೆ ಮಾಡುತ್ತದೆ. ಉಜ್ಜಿ ಸವೆಯುವ ಫಲಕವೇ ಆ ಹಂತದಲ್ಲಿ ಇಲ್ಲದಿರುವುದರಿಂದ ಚಲನೆ ನಯವಾಗಿರುತ್ತದೆ. ಎಂ5ನಂತಹ ಕಾರನ್ನು ಕೊಳ್ಳುವವನು ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಟ್ಟು ಕಚೇರಿಗೂ ಅದೇ ಕಾರಿನಲ್ಲಿ ಹೋಗುತ್ತಾನೆ ಎಂಬುದನ್ನು ತಯಾರಕರು ಮರೆಯುವಂತಿಲ್ಲ.

ವಿದ್ಯುತ್ ಮೋಟಾರಿನ ಜೋಡಣೆ

ಹೈಬ್ರಿಡ್ ಕಾರುಗಳಲ್ಲಿ ಎಂಜಿನ್ ಮತ್ತು ಗೇರುಗಳ ನಡುವೆ ವಿದ್ಯುತ್ ಮೋಟಾರನ್ನು ಇರಿಸುವುದು ಒಂದು ಸಾಮಾನ್ಯ ವಿಧಾನ. ಸಾಂಪ್ರದಾಯಿಕ ಗೇರ್‌ಬಾಕ್ಸಿನಲ್ಲಿ ಟಾರ್ಕ್ ಕನ್ವರ್ಟರ್ ಆಕ್ರಮಿಸುವ ಜಾಗವೇ ಮೋಟಾರಿಗೂ ಒದಗುತ್ತದೆ. 8ಎಚ್‌ಪಿ ಗೇರ್‌ಬಾಕ್ಸಿನ ಹೈಬ್ರಿಡ್ ರೂಪಗಳು ಈ ಅನುಕೂಲವನ್ನು ಬಳಸಿಕೊಂಡಿವೆ. ಗೇರುಗಳ ಮೂಲರಚನೆ ಬದಲಾಗದೆ, ಅದೇ ಗೇರ್‌ಬಾಕ್ಸ್ ಪೆಟ್ರೋಲ್ ಕಾರಿಗೂ ಹೈಬ್ರಿಡ್ ಕಾರಿಗೂ ಹೊಂದಿಕೊಳ್ಳುತ್ತದೆ. ಡ್ಯುಯಲ್ ಕ್ಲಚ್ ಹೈಬ್ರಿಡ್ ಕಾರುಗಳೂ ಇಲ್ಲದಿಲ್ಲ. ಫೆರಾರಿ ಎಸ್‌ಎಫ್90 ಅಂಥದೊಂದು. ಅದರಲ್ಲಿ ಹಿಂದಕ್ಕೆ ಚಲಿಸುವ ಕೆಲಸವನ್ನು ವಿದ್ಯುತ್ ಮೋಟಾರುಗಳಿಗೇ ವಹಿಸಿ, ಗೇರ್‌ಬಾಕ್ಸಿನಿಂದ ರಿವರ್ಸ್ ಗೇರನ್ನೇ ತೆಗೆದುಹಾಕಲಾಗಿದೆ.

ತಯಾರಿಕಾ ವೆಚ್ಚ

ಝಡ್‌ಎಫ್ ಸಂಸ್ಥೆಯ ಎಂಟು ವೇಗದ ಗೇರ್‌ಬಾಕ್ಸ್ ಬಿಎಂಡಬ್ಲ್ಯು ಸಂಸ್ಥೆಯ ಸಾಧಾರಣ ಡೀಸೆಲ್ ಸೆಡಾನಿನಿಂದ ಹಿಡಿದು ಆಲ್ಫಾ ರೋಮಿಯೊ, ಜಾಗ್ವಾರ್, ಆಸ್ಟನ್ ಮಾರ್ಟಿನ್, ರೋಲ್ಸ್ ರಾಯ್ಸ್ ಕಾರುಗಳವರೆಗೆ ಬಳಕೆಯಲ್ಲಿದೆ. ಇಷ್ಟು ವ್ಯಾಪಕವಾಗಿ ಬಳಕೆಯಾಗುವ ವಸ್ತುವಿನ ಅಭಿವೃದ್ಧಿ ವೆಚ್ಚವು ಬಹಳ ಕಾರುಗಳ ಮೇಲೆ ಹಂಚಿಹೋಗುತ್ತದೆ. ಬಿಡಿಭಾಗಗಳು ಸುಲಭವಾಗಿ ದೊರೆಯುತ್ತವೆ, ದುರಸ್ತಿ ಬಲ್ಲವರೂ ಹೆಚ್ಚಿರುತ್ತಾರೆ. ಸೀಮಿತ ಸಂಖ್ಯೆಯ ಕಾರುಗಳಿಗಾಗಿ ಪ್ರತ್ಯೇಕ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸನ್ನು ಮುಂದುವರಿಸಿ, ಹೊಸ ಟಾರ್ಕ್ ಮಿತಿಗೆ ತಕ್ಕಂತೆ ಅದನ್ನು ಮರುವಿನ್ಯಾಸ ಮಾಡುವುದಕ್ಕಿಂತ, ಈಗಾಗಲೇ ಕೈಯಲ್ಲಿರುವ ಗೇರ್‌ಬಾಕ್ಸಿನ ತಂತ್ರಾಂಶವನ್ನು ಚುರುಕುಗೊಳಿಸುವುದು ಅಗ್ಗದ ಹಾದಿ.

ಡ್ಯುಯಲ್ ಕ್ಲಚ್ ಉಳಿದಿರುವ ಕ್ಷೇತ್ರಗಳು

ಈ ಸ್ಥಿತ್ಯಂತರ ಸಾರ್ವತ್ರಿಕವಲ್ಲ. ಫೆರಾರಿ, ಮೆಕ್ಲಾರೆನ್ ಸಂಸ್ಥೆಗಳು ಡ್ಯುಯಲ್ ಕ್ಲಚ್ಚನ್ನೇ ನೆಚ್ಚಿಕೊಂಡಿವೆ. ಕೆಲವರು ವಿರುದ್ಧ ದಿಕ್ಕಿನಲ್ಲೂ ಸಾಗಿದ್ದಾರೆ. ಶೆವ್ರೊಲೆ ಕಾರ್ವೆಟ್ ಕಾರಿನ ಏಳನೆಯ ತಲೆಮಾರಿನಲ್ಲಿ ಮ್ಯಾನುಯಲ್ ಮತ್ತು ಸಾಂಪ್ರದಾಯಿಕ ಸ್ವಯಂಚಾಲಿತ ಗೇರ್‌ಬಾಕ್ಸ್‌ಗಳಿದ್ದವು. 2020ರ ಮಾದರಿಯಾಗಿ ಬಂದ ಎಂಟನೆಯ ತಲೆಮಾರಿನಲ್ಲಿ ಎಂಜಿನ್ ಚಾಲಕನ ಬೆನ್ನ ಹಿಂದಕ್ಕೆ ಸರಿಯಿತು, ಅದರೊಂದಿಗೆ ಎಂಟು ವೇಗದ ಡ್ಯುಯಲ್ ಕ್ಲಚ್ ಬಂದಿತು. ಬೆಂಟ್ಲಿ ಕಾಂಟಿನೆಂಟಲ್ ಜಿಟಿ ಕೂಡ ತನ್ನ ಮೂರನೆಯ ತಲೆಮಾರಿನಲ್ಲಿ ಸಾಂಪ್ರದಾಯಿಕ ಗೇರ್‌ಬಾಕ್ಸಿನಿಂದ ಡ್ಯುಯಲ್ ಕ್ಲಚ್ಚಿಗೆ ಹೊರಳಿತು.

ಎಂಜಿನ್ ಎಲ್ಲಿದೆ ಎಂಬುದು ಇಲ್ಲಿ ಮುಖ್ಯವಾಗುತ್ತದೆ. ಎಂಜಿನ್ ಮುಂದೆ ಉದ್ದುದ್ದವಾಗಿ ಇರುವ ಸೆಡಾನುಗಳಲ್ಲಿ ಉದ್ದನೆಯ ಗ್ರಹಚಕ್ರ ಗೇರ್‌ಬಾಕ್ಸಿಗೆ ಸಹಜವಾಗಿ ಜಾಗವಿದೆ. ಎಂಜಿನ್ ನಡುವೆ ಅಥವಾ ಹಿಂದೆ ಇರುವ ಕಾರುಗಳಲ್ಲಿ ಗೇರ್‌ಬಾಕ್ಸ್ ಮತ್ತು ಡಿಫರೆನ್ಷಿಯಲ್‌ಗಳನ್ನು ಒಂದೇ ಗಿಡ್ಡ ಕವಚದೊಳಗೆ ಅಡಕಗೊಳಿಸಬೇಕು. ಡ್ಯುಯಲ್ ಕ್ಲಚ್ಚಿನ ಸಮಾನಾಂತರ ದಂಡಗಳ ರಚನೆ ಅದಕ್ಕೆ ಒಪ್ಪುತ್ತದೆ. ಪೋರ್ಷೆ ಸಂಸ್ಥೆಯು ತನ್ನ 911 ಕಾರಿಗೆ ಡ್ಯುಯಲ್ ಕ್ಲಚ್ಚನ್ನೂ, ಭಾರ ಎಳೆಯಬೇಕಾದ ಕಯೆನ್ ಕಾರಿಗೆ ಟಾರ್ಕ್ ಕನ್ವರ್ಟರ್ ಗೇರ್‌ಬಾಕ್ಸನ್ನೂ ಬಳಸುತ್ತಿರುವುದು ಇದಕ್ಕೆ ಸಾಕ್ಷಿ. ಒಂದೇ ಸಂಸ್ಥೆ ಎರಡನ್ನೂ ಇಟ್ಟುಕೊಂಡಿದೆ ಎಂದಮೇಲೆ ಒಂದು ಶ್ರೇಷ್ಠ, ಇನ್ನೊಂದು ಕನಿಷ್ಠ ಎಂಬ ತೀರ್ಮಾನಕ್ಕೆ ಆಧಾರವಿಲ್ಲ.

ಮಧ್ಯಮ ಮಾರ್ಗವೂ ಒಂದಿದೆ. ಮರ್ಸಿಡಿಸ್ ಎಎಂಜಿ 2008ರ ಎಸ್‌ಎಲ್63 ಕಾರಿನಲ್ಲಿ ಗ್ರಹಚಕ್ರ ಗೇರುಗಳನ್ನು ಉಳಿಸಿಕೊಂಡು, ಟಾರ್ಕ್ ಕನ್ವರ್ಟರಿನ ಜಾಗದಲ್ಲಿ ಎಣ್ಣೆಯಲ್ಲಿ ಮುಳುಗಿರುವ ಬಹುಫಲಕ ಕ್ಲಚ್ಚನ್ನು ಇರಿಸಿತು. ಡ್ಯುಯಲ್ ಕ್ಲಚ್ ಹೊಂದಿದ್ದ ಎಎಂಜಿ ಜಿಟಿ ಕಾರು 2023ರಲ್ಲಿ ತನ್ನ ಎರಡನೆಯ ತಲೆಮಾರಿಗೆ ಕಾಲಿಟ್ಟಾಗ ಇದೇ ಬಗೆಯ ಒಂಬತ್ತು ವೇಗದ ಗೇರ್‌ಬಾಕ್ಸಿಗೆ ಹೊರಳಿತು.

ಚಿಕ್ಕ ವೇಗದ ಕಾರುಗಳಲ್ಲಿ, ಅಂದರೆ ಎಂಜಿನ್ ಅಡ್ಡಲಾಗಿ ಇರುವ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ, ಹ್ಯುಂಡೈ ಐ30 ಎನ್ ಮೊದಲಾದವುಗಳಲ್ಲಿ, ಡ್ಯುಯಲ್ ಕ್ಲಚ್ ಬಳಕೆ ಮುಂದುವರಿದಿದೆ. ಆದರೆ ಟೊಯೊಟಾ ಸಂಸ್ಥೆಯು ಜಿಆರ್ ಯಾರಿಸ್ ಕಾರಿಗೆ 2024ರಲ್ಲಿ ಎಂಟು ವೇಗದ ಟಾರ್ಕ್ ಕನ್ವರ್ಟರ್ ಗೇರ್‌ಬಾಕ್ಸನ್ನು ಒದಗಿಸಿತು.

ವಿಶ್ವಾಸಾರ್ಹತೆಯ ಪ್ರಶ್ನೆ

ಡ್ಯುಯಲ್ ಕ್ಲಚ್‌ಗಳಲ್ಲಿ ಒಣ ಕ್ಲಚ್ ಮತ್ತು ಎಣ್ಣೆಯಲ್ಲಿ ಮುಳುಗಿದ ತೇವ ಕ್ಲಚ್ ಎಂಬ ಎರಡು ಬಗೆಗಳಿವೆ. ಒಣ ಕ್ಲಚ್ ಹಗುರ ಮತ್ತು ಅಗ್ಗ. ಆದರೆ ಶಾಖವನ್ನು ಒಯ್ಯಲು ಅಲ್ಲಿ ಎಣ್ಣೆ ಇರುವುದಿಲ್ಲ. ಕಡಿಮೆ ಬೆಲೆಯ ಕಾರುಗಳಲ್ಲಿ ಬಳಕೆಯಾದ ಒಣ ಕ್ಲಚ್ ಮಾದರಿಗಳಿಂದ ಕೆಲವು ದೇಶಗಳಲ್ಲಿ ದೊಡ್ಡ ವಿವಾದಗಳೇ ಉಂಟಾದವು. ಆಸ್ಟ್ರೇಲಿಯದಲ್ಲಿ ಪವರ್‌ಶಿಫ್ಟ್ ಎಂಬ ಡ್ಯುಯಲ್ ಕ್ಲಚ್ ಇದ್ದ ಕಾರುಗಳ ಕುರಿತ ಗ್ರಾಹಕರ ದೂರುಗಳನ್ನು ನಿರ್ವಹಿಸಿದ ರೀತಿಗಾಗಿ ಫೋರ್ಡ್ ಸಂಸ್ಥೆಯ ಅಲ್ಲಿನ ಶಾಖೆಗೆ 2018ರಲ್ಲಿ ಫೆಡರಲ್ ನ್ಯಾಯಾಲಯವು 1 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ವಿಧಿಸಿತು.

ಅಧಿಕ ಸಾಮರ್ಥ್ಯದ ಕಾರುಗಳು ಬಳಸುವುದು ಬಹುಮಟ್ಟಿಗೆ ತೇವ ಕ್ಲಚ್ಚನ್ನು. ಆದ್ದರಿಂದ ಅಗ್ಗದ ಕಾರುಗಳ ದೋಷಗಳನ್ನು ಹಾಗೆಯೇ ಅವುಗಳಿಗೆ ಅನ್ವಯಿಸುವುದು ನ್ಯಾಯವಲ್ಲ. ಆದರೂ ಕೊಳ್ಳುವವರ ಮನಸ್ಸಿನಲ್ಲಿ ಈ ವ್ಯತ್ಯಾಸ ಸದಾ ಸ್ಪಷ್ಟವಾಗಿರುವುದಿಲ್ಲ. ಒಂದು ತಂತ್ರಜ್ಞಾನದ ಹೆಸರಿಗೆ ಒಂದು ಕಡೆ ಅಂಟಿದ ಕಳಂಕ ಎಲ್ಲ ಕಡೆಗೂ ಹಬ್ಬುತ್ತದೆ.

ಭಾರತದ ಸಂದರ್ಭ

ಭಾರತದಲ್ಲಿ ಡ್ಯುಯಲ್ ಕ್ಲಚ್ಚಿನ ಪರಿಚಯ ಹೆಚ್ಚಿನವರಿಗೆ ಆಗಿರುವುದು ಸೂಪರ್‌ಕಾರುಗಳಿಂದಲ್ಲ, ಮಧ್ಯಮ ವರ್ಗದ ಕಾರುಗಳಿಂದ. 2022ರಲ್ಲಿ ಬಿಡುಗಡೆಯಾದ ಸ್ಕೋಡಾ ಸ್ಲಾವಿಯಾ ಇಲ್ಲಿ ಗಮನಾರ್ಹ. ಅದರ 1 ಲೀಟರ್ ಎಂಜಿನ್ನಿಗೆ ಆರು ವೇಗದ ಟಾರ್ಕ್ ಕನ್ವರ್ಟರ್ ಗೇರ್‌ಬಾಕ್ಸೂ, ಹೆಚ್ಚು ಶಕ್ತಿಯ 1.5 ಲೀಟರ್ ಎಂಜಿನ್ನಿಗೆ ಏಳು ವೇಗದ ಡ್ಯುಯಲ್ ಕ್ಲಚ್ಚೂ ಇದ್ದವು. ಒಂದೇ ಕಾರಿನಲ್ಲಿ ಎರಡನ್ನೂ ಹೋಲಿಸುವ ಅವಕಾಶ ಇದರಿಂದ ದೊರೆಯಿತು. ಅದೇ ವರ್ಷ ಟಾಟಾ ಮೋಟರ್ಸ್ ತನ್ನ ಆಲ್ಟ್ರೋಜ್ ಕಾರಿನಲ್ಲಿ ತೇವ ಕ್ಲಚ್ ಬಗೆಯ ಡ್ಯುಯಲ್ ಕ್ಲಚ್ಚನ್ನು ತಂದಿತು.

ಬೆಂಗಳೂರಿನಂತಹ ನಗರದ ದಟ್ಟಣೆಯಲ್ಲಿ, ಬೇಸಿಗೆಯ ಬಿಸಿಲಿನಲ್ಲಿ, ತೆವಳಿದಂತೆ ಸಾಗುವ ಕಾರಿನ ಕ್ಲಚ್ಚಿಗೆ ಬೀಳುವ ಹೊರೆ ಜರ್ಮನಿಯ ಹೆದ್ದಾರಿಯಲ್ಲಿ ಓಡುವ ಕಾರಿನದಕ್ಕಿಂತ ತೀರ ಭಿನ್ನ. ಆದುದರಿಂದ ಜರ್ಮನ್ ತಯಾರಕರು ವೇಗದ ಕಾರುಗಳಲ್ಲಿ ಮಾಡಿದ ಆಯ್ಕೆಯ ಹಿಂದಿನ ತರ್ಕ, ಅಂದರೆ ನಿಧಾನಗತಿಯಲ್ಲಿ ದ್ರವದ ಜೋಡಣೆಯೇ ಮೇಲು ಎಂಬುದು, ಸಾಧಾರಣ ಕಾರು ಕೊಳ್ಳುವ ಭಾರತೀಯ ಓದುಗರಿಗೂ ಅಪ್ರಸ್ತುತವಲ್ಲ. ಗೇರ್‌ಬಾಕ್ಸ್ ಆಯ್ದುಕೊಳ್ಳುವಾಗ ಅದು ಒಣ ಕ್ಲಚ್ಚೋ ತೇವ ಕ್ಲಚ್ಚೋ, ದಿನನಿತ್ಯದ ಓಡಾಟ ಎಂಥ ರಸ್ತೆಯಲ್ಲಿ ಎಂಬುದನ್ನು ತಿಳಿದುಕೊಳ್ಳುವುದು, ಸೆಕೆಂಡಿನ ಭಾಗಗಳನ್ನು ಎಣಿಸುವುದಕ್ಕಿಂತ ಹೆಚ್ಚು ಉಪಯುಕ್ತ.

ಟೀಕೆ ಮತ್ತು ಮೌಲ್ಯಮಾಪನ

ಈ ಸ್ಥಿತ್ಯಂತರದ ಟೀಕಾಕಾರರು ಅಂಕಿಅಂಶಗಳನ್ನು ಅಲ್ಲಗಳೆಯುವುದಿಲ್ಲ. ಅವರ ಆಕ್ಷೇಪ ಚಾಲನೆಯ ಅನುಭವದ ಕುರಿತಾದುದು. ಡ್ಯುಯಲ್ ಕ್ಲಚ್ಚಿನಲ್ಲಿ ಚಾಲಕನು ಸ್ಟಿಯರಿಂಗ್ ಹಿಂದಿನ ಸನ್ನೆಯನ್ನು ಎಳೆದೊಡನೆ ಖಚಿತವಾದ, ಯಾಂತ್ರಿಕವಾದ ಉತ್ತರ ದೊರೆಯುತ್ತದೆ. ಸಾಂಪ್ರದಾಯಿಕ ಗೇರ್‌ಬಾಕ್ಸ್ ಎಷ್ಟೇ ಚುರುಕಾಗಿದ್ದರೂ ಆ ಸ್ಪಷ್ಟತೆ ಕೊಂಚ ಮಸುಕಾಗುತ್ತದೆ ಎಂಬುದು ಅವರ ವಾದ. ಕಾರಿನ ಸ್ವಭಾವ ಮೃದುವಾಗಿ, ಓಟದ ಕಾರು ಮತ್ತು ಐಷಾರಾಮಿ ಕಾರುಗಳ ನಡುವಿನ ಗೆರೆ ಅಳಿಸುತ್ತಿದೆ ಎಂದು ಅವರು ಹೇಳುತ್ತಾರೆ. ಜಿ90 ತಲೆಮಾರಿನ ಎಂ5 ಕಾರಿನ ತೂಕ ಸುಮಾರು 2,400 ಕಿಲೋಗ್ರಾಂ ತಲುಪಿರುವುದನ್ನು ನೋಡಿದರೆ ಈ ಮಾತಿನಲ್ಲಿ ಹುರುಳಿಲ್ಲದಿಲ್ಲ. ಅದು ಹಿಂದಿನ ತಲೆಮಾರಿಗಿಂತ ಹೆಚ್ಚು ಶಕ್ತಿಶಾಲಿಯಾಗಿದ್ದೂ ಗಂಟೆಗೆ 100 ಕಿ.ಮೀ. ವೇಗ ಮುಟ್ಟುವುದರಲ್ಲಿ ಮುಂದೆ ಸಾಗಿಲ್ಲ. ಆದರೆ ಆ ತೂಕಕ್ಕೆ ಬ್ಯಾಟರಿ ಮತ್ತು ಮೋಟಾರು ಹೊಣೆಯೇ ಹೊರತು ಗೇರ್‌ಬಾಕ್ಸಿನ ಬಗೆಯಲ್ಲ ಎಂಬುದನ್ನೂ ಗಮನಿಸಬೇಕು.

ಇನ್ನೊಂದು ಸಂಗತಿ ಈ ಚರ್ಚೆಗೆ ಬೇರೆಯೇ ಬೆಳಕು ನೀಡುತ್ತದೆ. ಡ್ಯುಯಲ್ ಕ್ಲಚ್ಚನ್ನು ಕೈಬಿಟ್ಟ ಬಿಎಂಡಬ್ಲ್ಯು, ಜಿ80 ತಲೆಮಾರಿನ ಎಂ3 ಕಾರಿನಲ್ಲಿ ಆರು ವೇಗದ ಮ್ಯಾನುಯಲ್ ಗೇರ್‌ಬಾಕ್ಸನ್ನು ಉಳಿಸಿಕೊಂಡಿತು. ಮ್ಯಾನುಯಲ್ ಮಾದರಿ 100 ಕಿ.ಮೀ. ವೇಗಕ್ಕೆ 4.2 ಸೆಕೆಂಡು ತೆಗೆದುಕೊಂಡರೆ, ಹೆಚ್ಚು ಶಕ್ತಿಯ ಸ್ವಯಂಚಾಲಿತ ಕಾಂಪಿಟಿಷನ್ ಮಾದರಿಗೆ 3.9 ಸೆಕೆಂಡು ಸಾಕು. ನಿಧಾನವೆಂದು ತಿಳಿದೂ ಮ್ಯಾನುಯಲ್ ಗೇರ್‌ಬಾಕ್ಸನ್ನು ಬಯಸಿ ಕೊಳ್ಳುವವರಿದ್ದಾರೆ. ವೇಗವೇ ಮುಖ್ಯವೆನ್ನುವವರಿಗೆ ಸ್ವಯಂಚಾಲಿತ ಗೇರ್‌ಬಾಕ್ಸಿದೆ, ತೊಡಗಿಕೊಳ್ಳುವಿಕೆಯೇ ಮುಖ್ಯವೆನ್ನುವವರಿಗೆ ಮ್ಯಾನುಯಲ್ ಇದೆ. ಎರಡರ ನಡುವೆ ಸೇತುವೆಯಾಗಿದ್ದ ಡ್ಯುಯಲ್ ಕ್ಲಚ್, ಸೆಡಾನ್ ಮತ್ತು ಕೂಪೆಗಳ ವರ್ಗದಲ್ಲಿ ತನ್ನ ನೆಲೆಯನ್ನು ಕಳೆದುಕೊಂಡಿತು.

ವಿದ್ಯುತ್ ಕಾರುಗಳ ಯುಗದಲ್ಲಿ ಈ ಚರ್ಚೆಯ ವ್ಯಾಪ್ತಿಯೇ ಕುಗ್ಗುತ್ತಿದೆ. ಹೆಚ್ಚಿನ ವಿದ್ಯುತ್ ಕಾರುಗಳಿಗೆ ಒಂದೇ ಅನುಪಾತ ಸಾಕಾಗುವುದರಿಂದ ಗೇರ್ ಬದಲಿಸುವ ಪ್ರಸಂಗವೇ ಬರುವುದಿಲ್ಲ. ಎಂಜಿನ್ ಮತ್ತು ಮೋಟಾರು ಜೊತೆಗೂಡಿ ದುಡಿಯುವ ಸಂಧಿಕಾಲದಲ್ಲಿ ಮಾತ್ರ ಗೇರ್‌ಬಾಕ್ಸಿನ ಆಯ್ಕೆಗೆ ಮಹತ್ತ್ವವಿದೆ. ಆ ಸಂಧಿಕಾಲಕ್ಕೆ ಬೇಕಾದ ಅಧಿಕ ಟಾರ್ಕ್, ನಯ, ಹೊಂದಾಣಿಕೆ ಮತ್ತು ಮಿತವ್ಯಯಗಳನ್ನು ಮುಂದೆ ಎಂಜಿನ್ ಉಳ್ಳ ದೊಡ್ಡ ಕಾರುಗಳಲ್ಲಿ ಒಟ್ಟಿಗೆ ಒದಗಿಸಿದ್ದು, ಹಳತೆಂದು ಬದಿಗೆ ಸರಿಸಲಾಗಿದ್ದ ಟಾರ್ಕ್ ಕನ್ವರ್ಟರ್ ಗೇರ್‌ಬಾಕ್ಸ್.